ಕುಕಿಗೆ ಒಪ್ಪಿಗೆ: ಯಾರಿಗೆ ಕೊಡಬಹುದು, ಯಾರಿಗೆ ಬೇಡ

ಸುದ್ದಿತಾಣವನ್ನೋ ಅಡುಗೆಯ ಬ್ಲಾಗನ್ನೋ ತೆರೆದ ಕೂಡಲೇ ಪರದೆಯ ಕೆಳಗಡೆಯಿಂದ ಒಂದು ಪಟ್ಟಿ ಮೇಲೆದ್ದು, ಕುಕಿಗಳನ್ನು, ಅಂದರೆ ತಾಣಗಳು ನಮ್ಮ ಬ್ರೌಸರ್‌ನಲ್ಲಿ ಇಡುವ ಸಣ್ಣ ಪಠ್ಯಗಳನ್ನು, ಬಳಸಲು ಒಪ್ಪಿಗೆ ಕೊಡಿ ಎಂದು ಕೇಳುತ್ತದೆ. ಓದಲು ಬಂದವರಿಗೆ ಬೇಕಾಗಿರುವುದು ಲೇಖನ, ಅದಕ್ಕೆ ಈ ಪಟ್ಟಿ ಅಡ್ಡ ನಿಂತಿರುತ್ತದೆ. ಆದ್ದರಿಂದ 'ಅಕ್ಸೆಪ್ಟ್ ಆಲ್' ಎಂಬ ಬಟನ್ ಒತ್ತಿ ಮುಂದಕ್ಕೆ ಹೋಗುವುದು ಅನೇಕರಿಗೆ ರೂಢಿಯಾಗಿಬಿಟ್ಟಿದೆ. ಇನ್ನು ಕೆಲವರು ಎಲ್ಲಿಯೋ ಓದಿದ ಎಚ್ಚರಿಕೆಗೆ ಹೆದರಿ, ಎಲ್ಲ ಕುಕಿಗಳನ್ನೂ ಒಟ್ಟಿಗೇ ತಡೆದು, ಆಮೇಲೆ ಬ್ಯಾಂಕಿನ ತಾಣಕ್ಕೆ ಲಾಗಿನ್ ಆಗಲು ಸಾಧ್ಯವಾಗದೆ ಪರದಾಡುತ್ತಾರೆ. ಈ ಎರಡೂ ನಡೆಗಳಲ್ಲಿ ತೊಂದರೆಯಿದೆ. ಕುಕಿ ಇಡಲು ಬಿಡಬೇಕೇ ಬೇಡವೇ ಎಂಬುದನ್ನು, ಅದನ್ನು ಇಡುತ್ತಿರುವವರು ಯಾರು ಎಂದು ನೋಡಿ ತೀರ್ಮಾನಿಸಬೇಕು. ಆ ತೀರ್ಮಾನವನ್ನು ಒಂದೊಂದು ತಾಣದ ಪಟ್ಟಿಯ ಮುಂದೆಯೂ ಹೊಸದಾಗಿ ಮಾಡುತ್ತ ಕೂರುವ ಬದಲು ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಒಂದೇ ಸಲ ಮಾಡಿಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕುಕಿ ಹುಟ್ಟಿಕೊಂಡದ್ದು ವೆಬ್‌ಗೆ ಇದ್ದ ಒಂದು ಮೂಲಭೂತ ಕೊರತೆಯಿಂದ. ಬ್ರೌಸರ್ ಮತ್ತು ತಾಣವನ್ನು ನಡೆಸುವ ಕಂಪ್ಯೂಟರ್ ಆದ ಸರ್ವರ್ ಪರಸ್ಪರ ವ್ಯವಹರಿಸುವ ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ನೆನಪಿನ ಶಕ್ತಿಯಿಲ್ಲ. ಬಸ್ ಟಿಕೆಟ್ ಕಾಯ್ದಿರಿಸುವ ತಾಣವೊಂದರಲ್ಲಿ ನಾವು ಹುಬ್ಬಳ್ಳಿಯ ಬಸ್ಸನ್ನು ಹುಡುಕಿ, ಕಿಟಕಿ ಪಕ್ಕದ ಸೀಟು ಆರಿಸಿ, ಪ್ರಯಾಣಿಕರ ಹೆಸರು ತುಂಬಿ, ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಬ್ರೌಸರ್ ಸರ್ವರ್‌ಗೆ ಹತ್ತಾರು ಕೋರಿಕೆಗಳನ್ನು ಕಳಿಸಿರುತ್ತದೆ. ಆದರೆ ಸೀಟು ಆರಿಸಿದವರೂ ಈಗ ಹಣ ಕಟ್ಟಲು ಬಂದವರೂ ಒಬ್ಬರೇ ಎಂದು ಸರ್ವರ್‌ಗೆ ತಾನಾಗಿಯೇ ತಿಳಿಯುವುದಿಲ್ಲ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಗೆ ಇದೇ ಸಮಸ್ಯೆ ಎದುರಾಯಿತು. ಎಂಸಿಐ ಎಂಬ ದೂರಸಂಪರ್ಕ ಸಂಸ್ಥೆಗಾಗಿ ನೆಟ್‌ಸ್ಕೇಪ್ ಒಂದು ಆನ್‌ಲೈನ್ ಮಾರಾಟದ ವ್ಯವಸ್ಥೆಯನ್ನು ಸಿದ್ಧಪಡಿಸುತ್ತಿತ್ತು. ಗಿರಾಕಿಗಳು ಅರ್ಧಕ್ಕೆ ಬಿಟ್ಟುಹೋದ ಖರೀದಿಗಳ ವಿವರವನ್ನೆಲ್ಲ ತನ್ನ ಸರ್ವರ್‌ಗಳಲ್ಲಿ ಇಟ್ಟುಕೊಳ್ಳುವುದು ಎಂಸಿಐಗೆ ಬೇಕಿರಲಿಲ್ಲ. ಆಗ ನೆಟ್‌ಸ್ಕೇಪ್‌ನ ತಂತ್ರಜ್ಞ ಲೂ ಮಾಂಟುಲ್ಲಿ, ನೆನಪಿಡುವ ಹೊಣೆಯನ್ನು ಬಳಕೆದಾರರ ಬ್ರೌಸರ್‌ಗೇ ಒಪ್ಪಿಸುವ ಉಪಾಯವನ್ನು ಕಂಡುಹಿಡಿದರು. ಸರ್ವರ್ ತನ್ನ ಉತ್ತರದ ಜೊತೆಗೆ ಒಂದು ಸಣ್ಣ ಪಠ್ಯವನ್ನು ಕಳಿಸುತ್ತದೆ, ಬ್ರೌಸರ್ ಅದನ್ನು ಉಳಿಸಿಕೊಂಡು, ಅದೇ ತಾಣಕ್ಕೆ ಮುಂದೆ ಹೋಗುವಾಗಲೆಲ್ಲ ಅದನ್ನು ಮರಳಿ ತೋರಿಸುತ್ತದೆ. ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಟೋಕನ್ನಿನ ಹಾಗೆ ಇದು ಕೆಲಸ ಮಾಡುತ್ತದೆ: ಟೋಕನ್ನಿನ ಮೇಲೆ ಸಂಖ್ಯೆ ಮಾತ್ರ ಇರುತ್ತದೆ, ಯಾವ ಗೂಡಿನಲ್ಲಿ ಯಾರ ಚಪ್ಪಲಿ ಇದೆ ಎಂಬ ಲೆಕ್ಕ ಸ್ಟ್ಯಾಂಡಿನವರ ಬಳಿಯೇ ಇರುತ್ತದೆ.

ಇದನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಕಂಪ್ಯೂಟರ್‌ನಲ್ಲಿ ಕ್ರೋಮ್ ಬ್ರೌಸರ್ ಬಳಸುವವರು ಯಾವುದೇ ತಾಣವನ್ನು ತೆರೆದು, ಎಫ್12 ಕೀಲಿಯನ್ನು ಒತ್ತಿ, ಮೂಡಿಬರುವ ಚೌಕಟ್ಟಿನಲ್ಲಿ 'ಅಪ್ಲಿಕೇಶನ್' ಎಂಬ ವಿಭಾಗಕ್ಕೆ ಹೋಗಿ 'ಕುಕೀಸ್' ಎಂಬುದನ್ನು ಕ್ಲಿಕ್ ಮಾಡಿದರೆ ಒಂದು ಕೋಷ್ಟಕ ಕಾಣುತ್ತದೆ. ಪ್ರತಿಯೊಂದು ಸಾಲೂ ಒಂದು ಕುಕಿ. ಮೊದಲು ಅದರ ಹೆಸರು, ನಂತರ ಅಕ್ಷರ ಮತ್ತು ಅಂಕಿಗಳು ಬೆರೆತ, ನಮಗೆ ಅರ್ಥವಾಗದ ಒಂದು ಉದ್ದನೆಯ ಮೌಲ್ಯ, ಆಮೇಲೆ ಅದು ಯಾವ ತಾಣಕ್ಕೆ ಸೇರಿದ್ದು ಎಂಬ ವಿಳಾಸ, ಎಂದು ಅಳಿಯುತ್ತದೆ ಎಂಬ ದಿನಾಂಕ. ಬ್ರೌಸರ್ ಮುಚ್ಚಿದೊಡನೆ ಹೋಗುವ ಕುಕಿಗಳಿಗೆ ದಿನಾಂಕದ ಜಾಗದಲ್ಲಿ 'ಸೆಷನ್' ಎಂದಿರುತ್ತದೆ. ಉಳಿದವು ತಿಂಗಳುಗಟ್ಟಲೆ ಬಾಳುತ್ತವೆ. 2022ರಿಂದ ಈಚೆಗೆ ಕ್ರೋಮ್ ಯಾವ ಕುಕಿಗೂ 400 ದಿನಗಳಿಗಿಂತ ಹೆಚ್ಚಿನ ಆಯಸ್ಸನ್ನು ಕೊಡುವುದಿಲ್ಲ. ಕೋಷ್ಟಕದ ಬಲಗಡೆ ಇರುವ 'ಸೆಕ್ಯೂರ್' ಎಂಬ ಕಾಲಮ್ಮಿನಲ್ಲಿ ಗುರುತು ಇದ್ದರೆ ಆ ಕುಕಿ ಗೂಢಲಿಪೀಕರಿಸಿದ ಸಂಪರ್ಕದಲ್ಲಿ ಮಾತ್ರ ಸಾಗುತ್ತದೆ. 'ಎಚ್‌ಟಿಟಿಪಿ ಓನ್ಲಿ' ಎಂಬಲ್ಲಿ ಗುರುತು ಇದ್ದರೆ ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂಗಳಾದ ಸ್ಕ್ರಿಪ್ಟ್‌ಗಳು ಅದನ್ನು ಓದಲಾರವು. ಒಳ್ಳೆಯ ತಾಣಗಳು ತಮ್ಮ ಲಾಗಿನ್ ಕುಕಿಗೆ ಈ ಎರಡೂ ರಕ್ಷಣೆಗಳನ್ನು ಒದಗಿಸಿರುತ್ತವೆ. ಒಂದು ಕುಕಿಯ ಗಾತ್ರ ಸುಮಾರು 4,096 ಬೈಟ್‌ಗಳನ್ನು ಮೀರುವಂತಿಲ್ಲ, ಮತ್ತು ಅದು ಬರಿಯ ಪಠ್ಯ. ತಾನಾಗಿ ಓಡುವ ಪ್ರೋಗ್ರಾಂ ಅದಲ್ಲ. ಆದ್ದರಿಂದ ಕುಕಿಯೇ ವೈರಸ್ ಎಂಬ ಭಯಕ್ಕೆ ಆಧಾರವಿಲ್ಲ.

ಆದರೆ ಕುಕಿ ಕಳುವಾಗಬಹುದು, ಮತ್ತು ಲಾಗಿನ್ ಕುಕಿ ಯಾರ ಕೈಗೆ ಸಿಕ್ಕಿತೋ ಅವರನ್ನೇ ಸರ್ವರ್ ನಾವೆಂದು ನಂಬುತ್ತದೆ. 2010ರಲ್ಲಿ ಬಂದ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಆಡ್-ಆನ್ ಇದನ್ನು ಎಲ್ಲರ ಎದುರಿಗೇ ತೋರಿಸಿಕೊಟ್ಟಿತು. ಆಗ ಹಲವು ಪ್ರಸಿದ್ಧ ತಾಣಗಳು ಪಾಸ್‌ವರ್ಡ್ ಕಳಿಸುವ ಹಂತವನ್ನು ಮಾತ್ರ ಗೂಢಲಿಪಿಯಲ್ಲಿಟ್ಟು, ಆಮೇಲಿನ ಕುಕಿಯನ್ನು ಬಯಲಾಗಿಯೇ ಸಾಗಿಸುತ್ತಿದ್ದವು. ಹೋಟೆಲಿನ ಮುಕ್ತ ವೈ-ಫೈನಲ್ಲಿ ಪಕ್ಕದ ಮೇಜಿನವರು ಅದನ್ನು ಹಿಡಿದು ಬೇರೆಯವರ ಫೇಸ್‌ಬುಕ್ ಖಾತೆಯೊಳಗೆ ಹೋಗಬಹುದಿತ್ತು. ಮುಂದಿನ ವರ್ಷಗಳಲ್ಲಿ ದೊಡ್ಡ ತಾಣಗಳೆಲ್ಲ, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್‌ಗೆ ಪೂರ್ತಿಯಾಗಿ ಬಂದವು. ಈಗಿನ ಕಳ್ಳರು ನಕಲಿ ಸಾಫ್ಟ್‌ವೇರ್ ಮೂಲಕ ಕಂಪ್ಯೂಟರ್‌ನೊಳಗಿಂದಲೇ ಕುಕಿಗಳನ್ನು ಕದಿಯುತ್ತಾರೆ. ಸೈಬರ್ ಸೆಂಟರಿನಲ್ಲೋ ಕಚೇರಿಯ ಹಂಚಿಕೆಯ ಕಂಪ್ಯೂಟರ್‌ನಲ್ಲೋ ಕೆಲಸ ಮುಗಿಸಿದವರು ಟ್ಯಾಬ್ ಮುಚ್ಚಿ ಎದ್ದುಹೋಗದೆ ಲಾಗ್‌ಔಟ್ ಮಾಡಲೇಬೇಕು ಎಂದು ಹೇಳುವುದು ಇದಕ್ಕಾಗಿಯೇ.

ಇಷ್ಟರವರೆಗೆ ಹೇಳಿದ್ದು ನಾವು ತೆರೆದ ತಾಣವೇ ಇಡುವ ಕುಕಿಯ ಮಾತು. ಅದನ್ನು ತಡೆಯುವುದರಿಂದ ನಷ್ಟ ನಮಗೇ. ಲಾಗಿನ್ ಉಳಿಯುವುದಿಲ್ಲ, ಕೊಳ್ಳಲು ಆರಿಸಿಟ್ಟ ಸಾಮಾನು ಮಾಯವಾಗುತ್ತದೆ, ಕನ್ನಡದಲ್ಲಿ ತೋರಿಸು ಎಂದು ಆರಿಸಿದ್ದರೂ ಪುಟ ಮತ್ತೆ ಇಂಗ್ಲಿಷಿಗೆ ಮರಳುತ್ತದೆ. ನಿಜವಾಗಿ ಯೋಚಿಸಬೇಕಾದ್ದು ಹೊರಗಿನವರು ಇಡುವ ಕುಕಿಯ ವಿಷಯದಲ್ಲಿ. ಬ್ರೌಸರ್‌ಗಳು ಇದನ್ನು 'ಥರ್ಡ್ ಪಾರ್ಟಿ ಕುಕಿ' ಎಂದು ಕರೆಯುತ್ತವೆ.

ಒಂದು ಸುದ್ದಿಪುಟದಲ್ಲಿ ನಾವು ನೋಡುವುದೆಲ್ಲ ಆ ಪತ್ರಿಕೆಯ ಸರ್ವರ್‌ನಿಂದ ಬಂದಿರುವುದಿಲ್ಲ. ಜಾಹೀರಾತು ಒಂದು ಕಂಪನಿಯಿಂದ, ಹಂಚಿಕೊಳ್ಳುವ ಬಟನ್ ಇನ್ನೊಂದರಿಂದ, ಓದುಗರನ್ನು ಎಣಿಸುವ ಸ್ಕ್ರಿಪ್ಟ್ ಮತ್ತೊಂದರಿಂದ ಬರುತ್ತದೆ. ಕೆಲವೊಮ್ಮೆ ಒಂದೇ ಒಂದು ಪಿಕ್ಸೆಲ್ ಗಾತ್ರದ, ಕಣ್ಣಿಗೆ ಕಾಣದ ಚಿತ್ರವೂ ಪುಟದಲ್ಲಿ ಇರುತ್ತದೆ. ಇವುಗಳನ್ನು ತರಲು ಬ್ರೌಸರ್ ಆ ಕಂಪನಿಗಳ ಸರ್ವರ್‌ಗೆ ಹೋಗುತ್ತದೆ, ಅವು ತಮ್ಮದೇ ಕುಕಿಯನ್ನು ಕೊಟ್ಟು ಕಳಿಸುತ್ತವೆ, ಮತ್ತು ಕೋರಿಕೆ ಯಾವ ತಾಣದಿಂದ ಬಂದಿದೆ ಎಂಬುದೂ ಅವುಗಳಿಗೆ ತಿಳಿಯುತ್ತದೆ. ಬೆಳಿಗ್ಗೆ ಒಬ್ಬರು ಆರೋಗ್ಯದ ತಾಣವೊಂದರಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಓದುತ್ತಾರೆ, ಮಧ್ಯಾಹ್ನ ಸಾಲದ ಬಡ್ಡಿ ಲೆಕ್ಕ ಹಾಕುವ ತಾಣಕ್ಕೆ ಹೋಗುತ್ತಾರೆ, ರಾತ್ರಿ ಮಗಳ ಮದುವೆಗೆಂದು ವಧೂವರರ ತಾಣವನ್ನು ತೆರೆಯುತ್ತಾರೆ ಎಂದಿಟ್ಟುಕೊಳ್ಳಿ. ಈ ಮೂರು ತಾಣಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಮೂರರಲ್ಲಿಯೂ ಒಂದೇ ಜಾಹೀರಾತು ಕಂಪನಿಯ ಅಂಶ ಸೇರಿಕೊಂಡಿದ್ದರೆ, ಮೂರೂ ಸಲ ಅದೇ ಕುಕಿಯ ಅದೇ ಸಂಖ್ಯೆ ಆ ಕಂಪನಿಗೆ ತಲುಪಿ, ಕಾಯಿಲೆ, ಸಾಲ, ಮದುವೆ ಮೂರೂ ಒಂದೇ ಕಡತದಲ್ಲಿ ಕೂಡಿಕೊಳ್ಳುತ್ತವೆ. ಕಡತದ ಮೇಲೆ ಹೆಸರು ಇಲ್ಲದೆ ಹೋದರೂ, ಮನೆಯವರೊಂದಿಗೂ ಹೇಳಿಕೊಳ್ಳದ ಸಂಗತಿಗಳು ಅದರೊಳಗೆ ಇವೆ. ನಾವು ಆ ಕಂಪನಿಯ ತಾಣಕ್ಕೆ ಎಂದೂ ಹೋಗಿಲ್ಲ, ಅದರ ಹೆಸರನ್ನೂ ಕೇಳಿಲ್ಲ. ನನಗೆ ಒಪ್ಪಿಗೆಯಾಗದ ಸಂಗತಿ ಇದು.

ಈ ಅಪಾಯವನ್ನು ಮೊದಲೇ ಕಂಡವರಿದ್ದರು. 1997ರ ಫೆಬ್ರವರಿಯಲ್ಲಿ ಪ್ರಕಟವಾದ, ಸ್ವತಃ ಮಾಂಟುಲ್ಲಿ ಮತ್ತು ಡೇವಿಡ್ ಕ್ರಿಸ್ಟಲ್ ಬರೆದ, ಕುಕಿಗಳ ಮೊದಲ ಅಧಿಕೃತ ಮಾನದಂಡ ಆರ್‌ಎಫ್‌ಸಿ 2109, ಹೊರಗಿನವರ ಕುಕಿಯನ್ನು ಬ್ರೌಸರ್‌ಗಳು ತಾವಾಗಿಯೇ ಬಿಟ್ಟುಕೊಳ್ಳಬಾರದು ಎಂದು ಹೇಳಿತ್ತು. ಅಂದಿನ ಎರಡು ದೊಡ್ಡ ಬ್ರೌಸರ್‌ಗಳಾದ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಈ ಮಾತನ್ನು ಪಾಲಿಸಲಿಲ್ಲ. ಜಾಹೀರಾತಿನ ಉದ್ಯಮ ಆ ತೆರೆದ ಬಾಗಿಲಿನಲ್ಲಿಯೇ ಬೆಳೆಯಿತು. ಅದರ ಮುಂಚೂಣಿಯಲ್ಲಿದ್ದ ಡಬಲ್‌ಕ್ಲಿಕ್ ಕಂಪನಿಯನ್ನು 2008ರಲ್ಲಿ ಗೂಗಲ್ ತನ್ನದಾಗಿಸಿಕೊಂಡಿತು.

ಬ್ರೌಸರ್‌ಗಳ ಮನಸ್ಸು ಬದಲಾದದ್ದು ಬಹಳ ತಡವಾಗಿ. ಫೈರ್‌ಫಾಕ್ಸ್ 2019ರ ಸೆಪ್ಟೆಂಬರ್‌ನಿಂದ ತಿಳಿದಿರುವ ಜಾಡು ಹಿಡಿಯುವ ಕಂಪನಿಗಳ ಕುಕಿಗಳನ್ನು ಎಲ್ಲ ಬಳಕೆದಾರರಿಗೂ ತಾನಾಗಿ ತಡೆಯತೊಡಗಿತು, 2022ರಲ್ಲಿ ಪ್ರತಿ ತಾಣದ ಕುಕಿಗಳನ್ನು ಪ್ರತ್ಯೇಕ ಸಂಗ್ರಹದಲ್ಲಿಡುವ ವ್ಯವಸ್ಥೆಯನ್ನು ತಂದಿತು. ಆಪಲ್‌ನ ಸಫಾರಿ 2020ರ ಮಾರ್ಚ್‌ನಲ್ಲಿ ಹೊರಗಿನವರ ಕುಕಿಯನ್ನು ಸಂಪೂರ್ಣವಾಗಿ ನಿಲ್ಲಿಸಿತು. ಕ್ರೋಮ್‌ನ ಕಥೆ ಬೇರೆ. ಎರಡು ವರ್ಷಗಳೊಳಗೆ ಇಂಥ ಕುಕಿಗಳನ್ನು ಕೈಬಿಡುವುದಾಗಿ ಗೂಗಲ್ 2020ರ ಜನವರಿಯಲ್ಲಿ ಘೋಷಿಸಿತು, ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿತು, 2024ರ ಆರಂಭದಲ್ಲಿ ಶೇಕಡ 1ರಷ್ಟು ಬಳಕೆದಾರರ ಮೇಲೆ ಪ್ರಯೋಗಿಸಿ ನೋಡಿತು, ಅದೇ ವರ್ಷದ ಜುಲೈನಲ್ಲಿ ಆ ಯೋಜನೆಯನ್ನೇ ಬಿಟ್ಟುಕೊಟ್ಟಿತು. ಬ್ರೌಸರ್ ತಯಾರಿಸುವ ಸಂಸ್ಥೆಯೇ ಜಾಹೀರಾತಿನಿಂದ ಬದುಕುತ್ತಿರುವಾಗ ಇದು ಆಶ್ಚರ್ಯದ ಸಂಗತಿಯಲ್ಲ. ಆದರೆ ಆಂಡ್ರಾಯ್ಡ್ ಫೋನ್‌ನಲ್ಲಿ ಕ್ರೋಮ್ ಬಳಸುವ ನಮ್ಮ ಬಹುಪಾಲು ಓದುಗರಿಗೆ ಇದರ ಅರ್ಥ ಸ್ಪಷ್ಟವಿದೆ. ಅವರು ತಾವೇ ಸೆಟ್ಟಿಂಗ್ಸ್ ಬದಲಿಸದ ಹೊರತು ಹೊರಗಿನವರ ಕುಕಿ ಸಾಮಾನ್ಯ ಬಳಕೆಯಲ್ಲಿ ನಿಲ್ಲುವುದಿಲ್ಲ.

ಬದಲಿಸುವುದು ಒಂದು ನಿಮಿಷದ ಕೆಲಸ. ಕ್ರೋಮ್‌ನ ಮೂರು ಚುಕ್ಕಿಗಳ ಮೆನುವಿನಿಂದ ಸೆಟ್ಟಿಂಗ್ಸ್‌ಗೆ ಹೋಗಿ, ಕಂಪ್ಯೂಟರ್‌ನಲ್ಲಾದರೆ 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ', ಫೋನ್‌ನಲ್ಲಾದರೆ 'ಸೈಟ್ ಸೆಟ್ಟಿಂಗ್ಸ್' ಎಂಬುದನ್ನು ತೆರೆದರೆ 'ಥರ್ಡ್ ಪಾರ್ಟಿ ಕುಕೀಸ್' ಎಂಬ ಸಾಲು ಸಿಗುತ್ತದೆ. ಅಲ್ಲಿ ತಡೆಯುವ ಆಯ್ಕೆಯನ್ನು ಆರಿಸಬೇಕು. ಇದಾದ ಮೇಲೆ ಎಲ್ಲಾದರೂ ಒಂದು ಕಡೆ ತೊಡಕಾಗಬಹುದು: ಬೇರೊಂದು ಖಾತೆಯ ಮೂಲಕ ಲಾಗಿನ್ ಆಗುವ ಸೌಲಭ್ಯ, ಪುಟದೊಳಗೆ ಕೂರಿಸಿದ ಕಾಮೆಂಟಿನ ಪೆಟ್ಟಿಗೆ, ಅಪರೂಪಕ್ಕೆ ಹಣ ಪಾವತಿಯ ಒಂದು ಹಂತ ಕೆಲಸ ಮಾಡದೆ ಹೋಗಬಹುದು. ಆಗ ಆ ಒಂದು ತಾಣಕ್ಕೆ ಮಾತ್ರ ವಿನಾಯಿತಿ ಕೊಡುವ ಅವಕಾಶ ಅದೇ ಪುಟದಲ್ಲಿದೆ. ಒಂದು ತಾಣದ ಸಲುವಾಗಿ ಎಲ್ಲರಿಗೂ ಬಾಗಿಲು ತೆರೆಯುವ ಅಗತ್ಯವಿಲ್ಲ.

ಹಾಗಿದ್ದರೆ ಪರದೆಯ ಕೆಳಗಿನ ಆ ಪಟ್ಟಿಗೆ ಏನು ಉತ್ತರ ಕೊಡಬೇಕು? 'ರಿಜೆಕ್ಟ್ ಆಲ್' ಎಂಬುದು ಕಂಡರೆ ಅದನ್ನೇ ಒತ್ತಬಹುದು. ತಾಣ ನಡೆಯಲು ಅತ್ಯಗತ್ಯವಾದ ಕುಕಿಗಳು ಹೇಗೂ ಉಳಿಯುತ್ತವೆ. ತೊಂದರೆಯೆಂದರೆ ಆ ಬಟನ್ ಸುಲಭವಾಗಿ ಕಾಣದಂತೆ ಪಟ್ಟಿಯನ್ನು ರಚಿಸಿರುತ್ತಾರೆ. ಒಪ್ಪುವ ಬಟನ್ ಗಾಢ ಬಣ್ಣದಲ್ಲಿ ದೊಡ್ಡದಾಗಿ ಇರುತ್ತದೆ, ನಿರಾಕರಿಸಬೇಕಾದವರು ಮಾಸಲು ಅಕ್ಷರದ 'ಮ್ಯಾನೇಜ್ ಆಪ್ಷನ್ಸ್' ಒತ್ತಿ, ಇನ್ನೊಂದು ಪುಟದಲ್ಲಿ ಹತ್ತಾರು ಸ್ವಿಚ್‌ಗಳನ್ನು ದಾಟಿ ಬರಬೇಕು. ಇಂಥ ಪಟ್ಟಿಗಳು ಹರಡಿದ್ದಕ್ಕೆ ಕಾರಣ ಯುರೋಪಿನ ಕಾನೂನುಗಳು, ಮತ್ತು ಈ ತಂತ್ರಗಳಿಗೆ ಪೆಟ್ಟು ಬಿದ್ದದ್ದೂ ಅಲ್ಲಿಯೇ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ಪರಿಗಣಿಸಲಾಗದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಪ್ಲಾನೆಟ್49 ಎಂಬ ಕಂಪನಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕುಕಿಯನ್ನು ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲ ಎಂಬ ಕಾರಣಕ್ಕೆ ಫ್ರಾನ್ಸಿನ ನಿಯಂತ್ರಣ ಸಂಸ್ಥೆ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ವಿಧಿಸಿರುವುದಾಗಿ 2022ರ ಜನವರಿಯಲ್ಲಿ ಪ್ರಕಟಿಸಿತು.

ಭಾರತದಲ್ಲಿ ಖಾಸಗಿತನದ ಹಕ್ಕಿನ ದಾರಿ ಕರ್ನಾಟಕದ ಹೆಸರಿನೊಂದಿಗೇ ಸಾಗಿಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟ ಉದ್ದೇಶಕ್ಕಾಗಿ, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆಯನ್ನು ಕೊಡಬೇಕೆಂದೂ ಅದು ಹೇಳುತ್ತದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ.

ಕುಕಿಯನ್ನು ತಡೆದ ಮಾತ್ರಕ್ಕೆ ಜಾಡು ಹಿಡಿಯುವುದು ಪೂರ್ತಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಪರದೆಯ ಅಳತೆ, ಫಾಂಟ್‌ಗಳು, ಸಮಯವಲಯ, ಬ್ರೌಸರ್‌ನ ಆವೃತ್ತಿ ಇವನ್ನೆಲ್ಲ ಕೂಡಿಸಿ ನೋಡಿದರೆ ಅನೇಕ ಬ್ರೌಸರ್‌ಗಳಿಗೆ ತಮ್ಮದೇ ಆದ ಗುರುತು ಇರುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ನಡೆಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಒಳಗಾದ ಬ್ರೌಸರ್‌ಗಳ ಪೈಕಿ ಶೇಕಡ 83.6ರಷ್ಟು ಇತರ ಯಾವುದಕ್ಕೂ ಹೋಲದೆ ಒಂಟಿಯಾಗಿ ನಿಂತಿದ್ದವು. ಇದಕ್ಕಿಂತ ನೇರವಾದ ದಾರಿ ನಮ್ಮ ಮೊಬೈಲ್ ಸಂಖ್ಯೆ. ಸೀರೆಯ ಅಂಗಡಿಯ ತಾಣವೊಂದು, ನಾವು ಏನನ್ನೂ ಕೊಳ್ಳುವ ಮೊದಲೇ, ಶೇಕಡ 10ರ ರಿಯಾಯಿತಿಯ ಆಸೆ ತೋರಿಸಿ ಸಂಖ್ಯೆಯನ್ನು ಕೇಳುತ್ತದೆ; ಇಂಥ ಸಂಖ್ಯೆಗಳ ಪಟ್ಟಿಯನ್ನು ಸಂಕೇತರೂಪಕ್ಕೆ ತಿರುಗಿಸಿ, ಜಾಹೀರಾತಿನ ವೇದಿಕೆಗಳಲ್ಲಿ ಈಗಾಗಲೇ ಇರುವ ಖಾತೆಗಳೊಂದಿಗೆ ತಾಳೆ ನೋಡುವ ಸೌಲಭ್ಯ ಇಂದು ಅಂಗಡಿಗಳಿಗೆ ಲಭ್ಯವಿದೆ. ಕುಕಿಯನ್ನು ಸಂಜೆಗೆ ಅಳಿಸಿಹಾಕಬಹುದು. ಬ್ಯಾಂಕು, ಆಧಾರ್, ಗ್ಯಾಸ್ ಸಂಪರ್ಕ ಎಲ್ಲಕ್ಕೂ ಜೋಡಿಸಿಟ್ಟ ಫೋನ್ ಸಂಖ್ಯೆಯನ್ನು ಹಾಗೆ ಬದಲಿಸಲಾಗುವುದಿಲ್ಲ. ಆದ್ದರಿಂದ ಕೊಳ್ಳುವ ತೀರ್ಮಾನವಾಗುವ ತನಕ ಆ ಪೆಟ್ಟಿಗೆಯನ್ನು ಖಾಲಿ ಬಿಟ್ಟು ಮುಚ್ಚಿ, ಸೀರೆಗಳನ್ನು ನೋಡುತ್ತ ಹೋಗಬಹುದು.