ಹಾಡು ಉಳಿಯಿತು, ಹಾಡಿನ ನಡುವಿನ ಮಾತು ಹೋಯಿತು

ಏಳು ಇಂಚಿನ ಒಂದು ಸ್ಪೂಲಿನಲ್ಲಿ 1200 ಅಡಿ ಧ್ವನಿಮುದ್ರಣದ ಟೇಪು ಇರುತ್ತಿತ್ತು. ಸೆಕೆಂಡಿಗೆ ಏಳೂವರೆ ಇಂಚಿನಂತೆ ಓಡಿಸಿದರೆ 32 ನಿಮಿಷ. ಅರ್ಧ ಗಂಟೆಯ ಹಳೆಯ ಹಾಡುಗಳ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ ಅಳತೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುವ ಹಾಡು ಮೂರು ನಿಮಿಷ ಚಿಲ್ಲರೆ. ಏಳು ಹಾಡು ಹಾಕಿದರೆ ಸುಮಾರು 23 ನಿಮಿಷ. ಜಾಹೀರಾತಿಗೆ ಮೂರು. ಉಳಿದ ನಾಲ್ಕು ನಿಮಿಷ ಮಾತು. ರೇಡಿಯೊ ಕಾರ್ಯಕ್ರಮ ತಯಾರಕನಾಗಿ ನನ್ನ ಹೆಚ್ಚಿನ ಆಯುಷ್ಯ ಆ ನಾಲ್ಕು ನಿಮಿಷಗಳಲ್ಲೇ ಕಳೆದಿದೆ.

ಪರಿಚಯದವರು ಸಿಕ್ಕಾಗ ಒಂದು ಪ್ರಶ್ನೆ ಕೇಳುತ್ತಾರೆ. ‘ರೇಡಿಯೊದಲ್ಲಿ ಹಳೆಯ ಹಾಡುಗಳ ಕಾರ್ಯಕ್ರಮ ಯಾಕೆ ಕಡಿಮೆ ಆಯಿತು? ಕೇಳುವವರು ಇಲ್ಲವಾ?’ ಕೇಳುವವರು ಇದ್ದಾರೆ. ಹಾಡೂ ಎಲ್ಲೂ ಹೋಗಿಲ್ಲ, ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ. ಹೋಗಿರುವುದು ಕಾರ್ಯಕ್ರಮ. ಒಬ್ಬರು ಕೂತು ಹಾಡು ಆರಿಸುವುದು, ಯಾವುದರ ಹಿಂದೆ ಯಾವುದು ಎಂದು ಜೋಡಿಸುವುದು, ನಡುವೆ ನಾಲ್ಕು ಮಾತು ಆಡುವುದು. ಅದೇ ಟೇಪು ಹತ್ತಾರು ನಿಲಯಗಳಿಗೆ ಹೋಗಿ, ಹತ್ತಾರು ಊರಿನವರು ಕೇಳುವುದು. ಹೊರದೇಶಗಳಲ್ಲಿ ಇದನ್ನು ಸಿಂಡಿಕೇಷನ್ ಎನ್ನುತ್ತಾರೆ. ನಮ್ಮಲ್ಲಿ ಅದು ಪ್ರಾಯೋಜಿತ ಕಾರ್ಯಕ್ರಮ ಎಂಬ ಹೆಸರಲ್ಲಿ ಬಂತು.

ಈ ಪದ್ಧತಿಯನ್ನು ನಮಗೆ ಕಲಿಸಿದ್ದು ಸಿಲೋನ್ ರೇಡಿಯೊ. 1950ರ ದಶಕದ ಮೊದಲಲ್ಲಿ ಬಿ.ವಿ. ಕೇಸ್ಕರ್ ಅವರು ಪ್ರಸಾರ ಖಾತೆಯ ಮಂತ್ರಿಯಾಗಿದ್ದರು. ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಕಡಿವಾಣ ಬಿತ್ತು. ಅತ್ತ ಕೊಲಂಬೊದಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಹಾಕಿದ್ದ ಬಲವಾದ ಪ್ರಸಾರ ಯಂತ್ರ ಸಿಲೋನ್ ರೇಡಿಯೊ ಕೈಗೆ ಬಂದಿತ್ತು. 1952ರ ಡಿಸೆಂಬರ್ 3ರಂದು ಹಿಂದಿ ಚಿತ್ರಗೀತೆಗಳ ಬಿನಾಕಾ ಗೀತ್‌ಮಾಲಾ ಅಲ್ಲಿಂದ ಶುರುವಾಯಿತು. ನಿರೂಪಕ ಅಮೀನ್ ಸಯಾನಿ ಅದನ್ನು ಮುಂಬೈನಲ್ಲಿ ಮುದ್ರಿಸುತ್ತಿದ್ದರು. ಟೇಪು ಕೊಲಂಬೊಗೆ ಹೋಗಿ, ಅಲ್ಲಿಂದ ಪ್ರಸಾರವಾಗಿ, ಮತ್ತೆ ನಮ್ಮ ಮನೆಗಳಿಗೇ ಬರುತ್ತಿತ್ತು. ಅದು ಹೊಸ ಹಾಡುಗಳ ಕಾರ್ಯಕ್ರಮ, ನಿಜ. ಆದರೆ ಒಂದು ಕೋಣೆಯಲ್ಲಿ ಮುದ್ರಿಸಿದ ಮಾತು ಇಡೀ ದೇಶಕ್ಕೆ ಆಪ್ತವಾಗಬಹುದು ಎಂದು ತೋರಿಸಿದ್ದು ಅದೇ. ಇನ್ನು ಹಳೆಯ ಹಾಡಿಗೆ ಸಿಲೋನ್‌ನ ಬೆಳಗಿನ ಏಳೂವರೆಯ ಕಾರ್ಯಕ್ರಮ ಇತ್ತು. ದಿನಾ ಕೊನೆಯ ಹಾಡು ಕೆ.ಎಲ್. ಸೈಗಲ್ ಅವರದು. ಸೈಗಲ್ ಬಂದರೆ ಎಂಟಾಯಿತು ಎಂದು ಗಡಿಯಾರ ಸರಿಮಾಡಿಕೊಂಡವರಿದ್ದಾರೆ.

ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿತು. 1967ರಲ್ಲಿ ಅದರಲ್ಲಿ ಜಾಹೀರಾತು ಬಂತು. ಆಮೇಲೆ ಪ್ರಾಯೋಜಿತ ಕಾರ್ಯಕ್ರಮಗಳ ಕಾಲ. ಅಮೆರಿಕದಲ್ಲಿ ಇಂಥ ಎಷ್ಟೋ ಕಾರ್ಯಕ್ರಮಗಳನ್ನು ನಿಲಯದವರು ದುಡ್ಡು ಕೊಡದೆ ಪಡೆಯುತ್ತಿದ್ದರು, ಬದಲಿಗೆ ಕೆಲವು ನಿಮಿಷದ ಜಾಹೀರಾತು ಸಮಯ ಬಿಟ್ಟುಕೊಡುತ್ತಿದ್ದರು. ನಮ್ಮಲ್ಲಿ ತಿರುಗಾಮುರುಗ. ಸೋಪಿನ ಕಂಪನಿಯೋ ಕಾಫಿಪುಡಿಯ ಕಂಪನಿಯೋ ಆಕಾಶವಾಣಿಯಿಂದ ಅರ್ಧ ಗಂಟೆ ಕೊಳ್ಳಬೇಕು, ಕಾರ್ಯಕ್ರಮ ತಯಾರಿಸಲು ನಮ್ಮಂಥವರಿಗೂ ದುಡ್ಡು ಕೊಡಬೇಕು. ಎರಡು ಖರ್ಚು.

ಕೆಲಸ ಹೀಗೆ ನಡೆಯುತ್ತಿತ್ತು. ಮೊದಲು ಮೂಲ ಟೇಪು. ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಹಾಡಿಗೆ ಮಾತು ಅಂಟಿಸಿ ಸಿದ್ಧ ಮಾಡುವುದು. ಆಮೇಲೆ ಒಂದೊಂದು ನಿಲಯಕ್ಕೆ ಒಂದೊಂದು ಪ್ರತಿ. ಅರ್ಧ ಗಂಟೆಯ ಟೇಪಿನ ಪ್ರತಿ ತೆಗೆಯಲು ಅರ್ಧ ಗಂಟೆಯೇ ಬೇಕು. ಡಬ್ಬಿಯೊಳಗೆ ಕ್ಯೂ ಶೀಟು, ಅಂದರೆ ಯಾವುದರ ಹಿಂದೆ ಯಾವುದು ಬರುತ್ತದೆ ಎನ್ನುವ ಪಟ್ಟಿ. ಟೇಪನ್ನು ಬಾಲ, ಅಂದರೆ ಕೊನೆಯ ತುದಿ, ಹೊರಗೆ ಬರುವಂತೆ ಸುತ್ತಿ ಇಡುತ್ತಿದ್ದೆವು. ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟಿಕೊಳ್ಳುವ ಗುಣ ಟೇಪಿಗೆ ಇದೆ. ಬಾಲ ಹೊರಗಿದ್ದರೆ ಆ ದನಿ ಹಾಡಿನ ಮೊದಲು ಕೇಳುವ ಬದಲು ಹಿಂದಿನಿಂದ ಬಂದು, ಹಾಡಿನಲ್ಲೇ ಮುಚ್ಚಿಹೋಗುತ್ತದೆ.

ಎಲ್ಲಕ್ಕಿಂತ ಕಷ್ಟ ಆ ನಾಲ್ಕು ನಿಮಿಷ. ‘ಹೊರಗೆ ಮಳೆ ಬರ್ತಾ ಇದೆ’ ಎನ್ನುವ ಹಾಗಿಲ್ಲ. ಒಂದು ಊರಲ್ಲಿ ಮಳೆ, ಇನ್ನೊಂದು ಊರಲ್ಲಿ ಸುಡುಬಿಸಿಲು. ‘ಇವತ್ತು ಸೋಮವಾರ’ ಎನ್ನುವ ಹಾಗಿಲ್ಲ, ಪ್ರತಿ ನಿಲಯದ ದಿನ ಬೇರೆ. ಊರಿನ ಹೆಸರು ಹೇಳುವ ಹಾಗಿಲ್ಲ. ಹಾಗಿದ್ದೂ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೆ, ಇದು ನನಗೇ ಹೇಳಿದ ಮಾತು ಅನ್ನಿಸಬೇಕು. ಅದಕ್ಕೆ ಇರುವ ದಾರಿ ಒಂದೇ, ಹಾಡನ್ನು ಚೆನ್ನಾಗಿ ಕೇಳಿರುವುದು. ‘ಎರಡನೇ ಚರಣಕ್ಕೆ ಮುಂಚೆ ವೀಣೆ ಒಂಟಿಯಾಗಿ ನುಡಿಯುತ್ತದೆ, ಗಮನಿಸಿ’ ಎಂದು ಒಂದು ಸಾಲು ಸಾಕು. ಸಾವಿರ ಸಲ ಕೇಳಿದ ಹಾಡೂ ಆ ಹೊತ್ತಿಗೆ ಹೊಸದಾಗುತ್ತದೆ. ಹಾಡು ಮುಗಿದ ಮೇಲೆ ಅದನ್ನು ಹೇಳಿದರೆ ಬರೀ ಮಾಹಿತಿ. ಮೊದಲೇ ಹೇಳಿದರೆ ಕಿವಿ ಕಾಯುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಎರಡು ಹಾಡು ಒಟ್ಟಿಗೆ ಹಾಕಬೇಕಾದರೆ ನಡುವೆ ಎಸ್. ಜಾನಕಿ ಅವರ ದನಿಯೊಂದು ಇರಲಿ ಎನ್ನುವುದೂ ಇದೇ ಲೆಕ್ಕ. ಕಂಪ್ಯೂಟರ್ ಕೂಡ ಗಂಡು ದನಿ ಹೆಣ್ಣು ದನಿ ಅಂತ ನೋಡಿ ಜೋಡಿಸುತ್ತದೆ. ಆದರೆ ಮೊದಲ ಹಾಡು ಮುಗಿದ ಶ್ರುತಿಯಲ್ಲೇ ಮುಂದಿನದು ಎತ್ತಿಕೊಂಡಾಗ ಕೇಳುವವರ ಎದೆ ಏನಾಗುತ್ತದೆ ಎಂದು ಕೂತು ಕೇಳಿದವರಿಗೆ ಮಾತ್ರ ಗೊತ್ತು.

ಈ ಕೆಲಸ ಯಾಕೆ ನಿಂತಿತು ಎನ್ನುವುದಕ್ಕೆ ಜನ ಕೊಡುವ ಸುಲಭದ ಉತ್ತರ ಮೊಬೈಲು. ಮೊಬೈಲಿನಲ್ಲಿ ಹಾಡು ಕೇಳುವುದು ಬರುವ ಮೊದಲೇ ಕುಸಿತ ಶುರುವಾಗಿತ್ತು.

2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೊ ಸಿಟಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. 2006ರ ಹೊತ್ತಿಗೆ ಇನ್ನೂ ಹಲವು ಬಂದವು. ಖಾಸಗಿ ನಿಲಯ ಜಾಹೀರಾತಿನಿಂದಲೇ ಬದುಕಬೇಕು. ಜಾಹೀರಾತು ಕೊಡುವವರು ಮೊದಲು ಕೇಳುವುದು ‘ಕೇಳುಗರ ವಯಸ್ಸು ಎಷ್ಟು?’ ಅರವತ್ತು ದಾಟಿದವರು ಯಾವ ಸೋಪು ಬಳಸಬೇಕೆಂದು ಆಗಲೇ ತೀರ್ಮಾನಿಸಿದ್ದಾರೆ, ಅವರ ಹಿಂದೆ ದುಡ್ಡು ಸುರಿಯುವುದು ದಂಡ ಎಂಬ ನಂಬಿಕೆ ಜಾಹೀರಾತಿನವರದು. ನಾನು ಇದನ್ನು ಒಪ್ಪಿಲ್ಲ. ಮನೆಗೆ ಔಷಧಿ, ವಿಮೆ, ಮೊಮ್ಮಗಳಿಗೆ ಒಡವೆ ಕೊಳ್ಳುವವರು ಆ ಹಿರಿಯರೇ ಅಲ್ವಾ?

ನ್ಯೂಯಾರ್ಕಿನಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಡಬ್ಲ್ಯುಸಿಬಿಎಸ್-ಎಫ್‌ಎಂ 1972ರಿಂದ ಹಳೆಯ ಹಾಡುಗಳಿಗೇ ಮೀಸಲಾದ ನಿಲಯ. 2005ರ ಜೂನ್ 3ರಂದು ಇದ್ದಕ್ಕಿದ್ದ ಹಾಗೆ ಅದನ್ನು ಬದಲಿಸಿ, ನಿರೂಪಕರೇ ಇಲ್ಲದ ಬೇರೆ ಬಗೆಯ ವಾಹಿನಿ ಮಾಡಿದರು. ಕೇಳುಗರು ಸಿಟ್ಟಾದರು, ದೂರವಾದರು. 2007ರ ಜುಲೈ 12ರಂದು ಹಳೆಯ ಹಾಡು ವಾಪಸ್ ಬಂತು. ಆದರೆ 1950ರ ದಶಕದ ಹಾಡುಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ‘ಹಳೆಯದು’ ಎನ್ನುವ ಗೆರೆಯನ್ನೇ ಮುಂದಕ್ಕೆ ಸರಿಸಿದ್ದರು. ನಮ್ಮ ಎಫ್‌ಎಂಗಳಲ್ಲೂ ಈಗ ಹಳೆಯ ಹಾಡು ಎಂದರೆ ಹೆಚ್ಚಾಗಿ ಎಂಬತ್ತರ, ತೊಂಬತ್ತರ ದಶಕ. ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ ಅವರ ಮೊದಲ ದಿನಗಳ ಹಾಡು ಅಪರೂಪ.

ಇನ್ನೊಂದು ಕಾರಣ ಹಾಡಿನ ಶುಲ್ಕ. ಈ ಲೆಕ್ಕವನ್ನು ನಮ್ಮ ವೃತ್ತಿಯಲ್ಲಿ ‘ನೀಡಲ್ ಅವರ್’ ಎನ್ನುತ್ತಾರೆ, ಸೂಜಿಯ ಗಂಟೆ. ಗ್ರಾಮಫೋನ್ ಸೂಜಿ ತಟ್ಟೆಯ ಮೇಲೆ ಎಷ್ಟು ಹೊತ್ತು ಇತ್ತೋ ಅಷ್ಟಕ್ಕೆ ದುಡ್ಡು. 2010ರಲ್ಲಿ ಕಾಪಿರೈಟ್ ಬೋರ್ಡ್ ಇದನ್ನು ಬಿಟ್ಟು, ನಿಲಯದ ನಿವ್ವಳ ಜಾಹೀರಾತು ಆದಾಯದ ಶೇ 2 ಎಂದು ಮಾಡಿತು. 2020ರ ಡಿಸೆಂಬರ್ 31ರ ಆದೇಶದಲ್ಲಿ ಮತ್ತೆ ಸೂಜಿಯ ಗಂಟೆ ವಾಪಸ್ ಬಂತು. ಹಾಡು ಬರೆದವರಿಗೆ, ಹಾಡಿಸಿದವರಿಗೆ ದುಡ್ಡು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಲಯದವರ ಕಡೆಯಿಂದ ನೋಡಿ. ಮೂವತ್ತು ವರ್ಷದ ಹಿಂದಿನ ಹಾಡಿಗೂ ಈ ವಾರದ ಹಾಡಿಗೂ ಸೂಜಿಯ ಲೆಕ್ಕ ಒಂದೇ. ಹೊಸ ಹಾಡಿನ ಹಿಂದೆ ಸಿನಿಮಾ ಪ್ರಚಾರದ ದುಡ್ಡು ಬರುತ್ತದೆ. ಹಳೆಯದರ ಹಿಂದೆ ಯಾರೂ ಬರುವುದಿಲ್ಲ. ಧ್ವನಿಮುದ್ರಿಕೆಯ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಅರವತ್ತರ ದಶಕದ ಮೊದಲ ವರ್ಷಗಳ ತಟ್ಟೆಗಳು ಈಗ ಮುಕ್ತ. ಆದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು, ಅದನ್ನು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಈ ಎರಡರ ನಡುವಿನ ಲೆಕ್ಕ ಬಿಡಿಸುವ ತಾಳ್ಮೆ ನಿಲಯಗಳಿಗೆ ಇಲ್ಲ. ಗೊಂದಲವೇ ಬೇಡ ಎಂದು ಪಕ್ಕಕ್ಕಿಡುತ್ತಾರೆ.

ಕನ್ನಡಕ್ಕೆ ಇನ್ನೊಂದು ಕಷ್ಟ. ಒಂದು ಕಾರ್ಯಕ್ರಮ ತಯಾರಿಸುವ ಖರ್ಚು ಹಿಂದಿಗೂ ಅಷ್ಟೇ, ಕನ್ನಡಕ್ಕೂ ಅಷ್ಟೇ. ಹಿಂದಿಯಲ್ಲಿ ಆ ಖರ್ಚು ಹತ್ತಾರು ಊರುಗಳ ಮೇಲೆ ಹಂಚಿಹೋಗುತ್ತದೆ. ಕನ್ನಡದಲ್ಲಿ ಖಾಸಗಿ ಎಫ್‌ಎಂ ಇರುವ ಊರುಗಳನ್ನು ಬೆರಳಲ್ಲಿ ಎಣಿಸಬಹುದು. ಬಿಗ್ ಎಫ್‌ಎಂನ ಹಿಂದಿ ನಿಲಯಗಳಲ್ಲಿ ನಟ ಅನ್ನು ಕಪೂರ್ 2013ರಿಂದ ಹಳೆಯ ಚಿತ್ರಗೀತೆಗಳ ಹಿಂದಿನ ಕಥೆ ಹೇಳುತ್ತ ಬಂದರು. ಅದು ವರ್ಷಗಟ್ಟಲೆ ನಡೆಯಿತು. ಮಾತಿಗೆ ದುಡ್ಡು ಹಾಕಿದರೆ ಜನ ಕೇಳುತ್ತಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕನ್ನಡದಲ್ಲಿ ಆ ಗಾತ್ರದ ಪ್ರಯತ್ನ ನಾನಂತೂ ನೋಡಲಿಲ್ಲ.

2017ರಲ್ಲಿ ಸರೆಗಮ ಕಂಪನಿಯ ಕಾರವಾನ್ ಪೆಟ್ಟಿಗೆ ಬಂತು. 5000 ಹಿಂದಿ ಹಾಡು ಮೊದಲೇ ತುಂಬಿದ್ದ ಅದು ನೋಡಲು ಥೇಟ್ ರೇಡಿಯೊ. ಸಯಾನಿ ಅವರ ಗೀತ್‌ಮಾಲಾ ಕೂಡ ಅದರೊಳಗೆ ಇತ್ತು. ಎಷ್ಟೋ ಮಕ್ಕಳು ಅಪ್ಪ ಅಮ್ಮನಿಗೆ ಕೊಡಿಸಿದರು. ಒಳ್ಳೆಯದೇ. ಆದರೆ ರೇಡಿಯೊದಲ್ಲಿ ಮುಂದೆ ಯಾವ ಹಾಡು ಎಂದು ಗೊತ್ತಿರುವುದಿಲ್ಲ. ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ತಂಗಿಯೂ ಅದನ್ನೇ ಕೇಳುತ್ತಿದ್ದಾಳೆ ಎಂಬ ಸಮಾಧಾನ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಸಯಾನಿ 2024ರ ಫೆಬ್ರವರಿ 20ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವಾರ ನನಗೆ ಬಂದ ಫೋನುಗಳಲ್ಲಿ ಒಬ್ಬರೂ ಹಾಡಿನ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ನೆನೆದದ್ದು ಅವರು ‘ಬೆಹನೋ ಔರ್ ಭಾಯಿಯೋ’ ಎನ್ನುತ್ತಿದ್ದ ರೀತಿಯನ್ನು.

ನನ್ನನ್ನು ಜಾಸ್ತಿ ಕಾಡುವ ವಿಷಯ ಬೇರೆ. ಅಮೆರಿಕದಲ್ಲಿ ಕೇಸಿ ಕೇಸಮ್ 1970ರ ಜುಲೈ 4ರಂದು ‘ಅಮೆರಿಕನ್ ಟಾಪ್ 40’ ಎಂಬ ಜನಪ್ರಿಯ ಹಾಡುಗಳ ಕಾರ್ಯಕ್ರಮ ಶುರು ಮಾಡಿದರು. ಪ್ರತಿ ವಾರದ ಕಾರ್ಯಕ್ರಮವನ್ನು ಎಲ್‌ಪಿ ತಟ್ಟೆಗಳಲ್ಲಿ ಒತ್ತಿಸಿ ನಿಲಯಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು 2014ರಲ್ಲಿ ತೀರಿಕೊಂಡರು. ಆದರೂ ಎಪ್ಪತ್ತರ ದಶಕದ ಆ ಕಾರ್ಯಕ್ರಮಗಳು ಇವತ್ತಿಗೂ ಅಲ್ಲಿ ಮರುಪ್ರಸಾರವಾಗುತ್ತವೆ, ಅವರದೇ ಮಾತಿನ ಸಮೇತ. ತಟ್ಟೆಯನ್ನು ಅಳಿಸಲು ಆಗುವುದಿಲ್ಲ ನೋಡಿ. ಟೇಪನ್ನು ಅಳಿಸಬಹುದು. ನಮ್ಮಲ್ಲಿ ಟೇಪು ದುಬಾರಿ ವಸ್ತು. ಪ್ರಸಾರ ಮುಗಿದ ಮೇಲೆ ಅದೇ ಸ್ಪೂಲಿನ ಮೇಲೆ ಮುಂದಿನ ಕಾರ್ಯಕ್ರಮ. ನಾನು ಕೆಲಸ ಮಾಡಿದ ಒಂದು ಕಡೆ ಎರಡು ವರ್ಷದ ಹಳೆಯ ಹಾಡುಗಳ ಸರಣಿ ಹೀಗೇ ಹೋಯಿತು. ಹಾಡುಗಳ ತಟ್ಟೆ ಹೇಗೂ ಬೀರುವಿನಲ್ಲಿ ಇದೆ, ಮಾತನ್ನು ಯಾಕೆ ಇಡಬೇಕು ಎಂದರು. ಆ ದಿನ ನಾನೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಅದಕ್ಕೆ ಈಗಲೂ ನೋವಿದೆ.

ಹೋದ ವರ್ಷ ಹಳೆಯ ಕೇಳುಗರೊಬ್ಬರು ಮೂರು ಕ್ಯಾಸೆಟ್ ತಂದುಕೊಟ್ಟರು. ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಅವರ ತಾಯಿ ಮುದ್ರಿಸಿದ್ದು. ಅದರಲ್ಲಿ ಆ ಸರಣಿಯ ಎರಡು ಕಂತು ಇದೆ. ಹಾಡಿನ ನಡುವೆ ಕುಕ್ಕರ್ ಕೂಗುತ್ತದೆ, ಯಾರೋ ಮಗು ‘ಅಮ್ಮಾ, ಪೆನ್ಸಿಲ್ಲು’ ಎನ್ನುತ್ತದೆ. ಅದನ್ನು ಕಂಪ್ಯೂಟರಿಗೆ ಏರಿಸಿ ಇಟ್ಟಿದ್ದೇನೆ. ಕುಕ್ಕರ್ ಸದ್ದು ತೆಗೆಯಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಸೆಟ್ ಇರಬಹುದು. ಮೇಲೆ ಬರೀ ‘ಹಳೆ ಹಾಡು’ ಅಂತ ಬರೆದಿದ್ದರೆ, ಈ ಹಾಡು ಯೂಟ್ಯೂಬಿನಲ್ಲಿ ಇದೆಯಲ್ಲ ಅಂತ ಸುಮ್ನೆ ಎಸೆಯಬೇಡಿ. ಪ್ಲೇಯರಿಗೆ ಹಾಕುವ ಮೊದಲು ಬೂಷ್ಟು ಹಿಡಿದಿದೆಯಾ ನೋಡಿ. ಒಳಗಿನ ಪುಟ್ಟ ಸ್ಪಂಜು ಬಿದ್ದುಹೋಗಿದ್ದರೆ ಟೇಪನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿಸಿ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ತಂತಿ ಜೋಡಿಸಿಟ್ಟಿರಿ, ಎರಡನೇ ಸಲ ಓಡುತ್ತದೆ ಎನ್ನುವ ಭರವಸೆ ಇಲ್ಲ. ಹಾಡು ಮುಗಿದ ತಕ್ಷಣ ನಿಲ್ಲಿಸಬೇಡಿ. ಮುಂದಿನ ಹಾಡು ಬರುವವರೆಗೆ ಓಡಲಿ.