ಚಂದಾ ಕೊಟ್ಟವರಿಗೆ ಸಿಗುವುದೇನು? ಕರಾವಳಿಯ ವೃತ್ತಿ ಸಂಘಗಳ ಹಿನ್ನೆಲೆ

ಉಡುಪಿಯ ಸಣ್ಣ ಸಭಾಂಗಣವೊಂದರಲ್ಲಿ ಕಳೆದ ಮಳೆಗಾಲ ನಡೆದ ವೃತ್ತಿ ಸಂಘವೊಂದರ ವಾರ್ಷಿಕ ಮಹಾಸಭೆಗೆ ನಾನು ಸುಮ್ಮನೆ ಕುಳಿತು ನೋಡುವವನಾಗಿ ಹೋಗಿದ್ದೆ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಇಲ್ಲವೆಂದು ಹತ್ತು ಗಂಟೆಯ ಸಭೆಯನ್ನು ಅರ್ಧ ಗಂಟೆ ಮುಂದೂಡಿದರು. ಹತ್ತೂವರೆಗೆ, ಬೈಲಾದ ಪ್ರಕಾರ, ಇದ್ದಷ್ಟು ಮಂದಿಯೇ ಕೋರಂ ಎಂದು ಸಾರಿ ಸಭೆಯನ್ನು ಆರಂಭಿಸಿದರು. ಕೋಶಾಧಿಕಾರಿ ಲೆಕ್ಕಪತ್ರ ಓದಿ ಮುಗಿಸುತ್ತಿದ್ದಂತೆ ಹಿಂದಿನ ಸಾಲಿನಿಂದ ಒಬ್ಬ ಯುವಕ ಎದ್ದು, "ವರ್ಷಕ್ಕೆ ಸಾವಿರ ರೂಪಾಯಿ ಕೊಡುತ್ತೇನೆ ಸರ್, ಅದರಿಂದ ನನಗೆ ಸಿಗುವುದೇನು?" ಎಂದು ಕೇಳಿದ. ಐಡಿ ಕಾರ್ಡು, ಡೈರಿ, ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ವರ್ಷಕ್ಕೊಂದು ಪ್ರವಾಸ ಎಂದು ಕೋಶಾಧಿಕಾರಿ ಬೆರಳು ಮಡಚುತ್ತ ಹೇಳಿದರು. ಯುವಕ ಕುಳಿತ, ಆದರೆ ಉತ್ತರ ಅವನಿಗೆ ಹಿಡಿಸಿದಂತೆ ಕಾಣಲಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಆ ಪಟ್ಟಿಯಲ್ಲಿ ಇಲ್ಲದ ಸಂಗತಿ. ಅದೇ ವರ್ಷ ಆ ಸಂಘವು ಪರವಾನಗಿ ನವೀಕರಣದ ತೊಡಕೊಂದನ್ನು ಬಿಡಿಸಲು ತಿಂಗಳುಗಟ್ಟಲೆ ಕಚೇರಿಗೆ ಅಲೆದಿತ್ತು, ಕೊನೆಗೆ ಕೆಲಸ ಆಗಿತ್ತು. ಆದರೆ ಅದರ ಲಾಭ ಚಂದಾ ಕೊಟ್ಟವರಿಗೂ ಸಿಕ್ಕಿತು, ಒಂದು ಪೈಸೆ ಕೊಡದವರಿಗೂ ಸಿಕ್ಕಿತು. ವೃತ್ತಿ ಸಂಘಗಳ ಮೂಲ ತೊಡಕು ಇದೇ. ಅವು ಮಾಡುವ ದೊಡ್ಡ ಕೆಲಸ ಎಲ್ಲರಿಗೂ ಒದಗುತ್ತದೆ. ಸದಸ್ಯರನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಮಾತ್ರ ಸಣ್ಣ ಸಣ್ಣ ಸವಲತ್ತುಗಳನ್ನು ಹುಡುಕಬೇಕಾಗುತ್ತದೆ. ಈ ಎರಡರ ನಡುವಿನ ಹಗ್ಗಜಗ್ಗಾಟ ಕರಾವಳಿಗೆ ಹೊಸದೇನೂ ಅಲ್ಲ.

ಬಾರ್ಕೂರು, ಬಸರೂರು, ಮಂಗಳೂರುಗಳ ಮಧ್ಯಕಾಲೀನ ಶಾಸನಗಳಲ್ಲಿ ಸೆಟ್ಟಿಕಾರರು, ಹಲರು, ನಖರ, ಹಂಜಮಾನ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇವು ವರ್ತಕರ ಕೂಟಗಳು. ಇವುಗಳಲ್ಲಿ ಹಂಜಮಾನವೆಂಬುದು ಸಮುದ್ರದಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಕೂಟ. ಅಂಜುಮನ್ ಎಂಬ ಪಾರಸಿ ಮಾತು ನಮ್ಮ ಬಾಯಲ್ಲಿ ಹಾಗೆ ತಿರುಗಿಕೊಂಡಿದೆ. ಕೇರಿಕೇರಿಗೆ ಇಂಥ ಕೂಟಗಳಿದ್ದವು. ದೇವಸ್ಥಾನಕ್ಕೆ ದತ್ತಿ ಬಿಡುವಾಗ, ವಿವಾದ ತೀರ್ಮಾನಿಸುವಾಗ, ಅರಸನ ಅಧಿಕಾರಿಯೊಡನೆ ಮಾತಾಡುವಾಗ ಅವು ಒಂದೇ ವ್ಯಕ್ತಿಯಂತೆ ನಡೆದುಕೊಳ್ಳುತ್ತಿದ್ದವು. ಬಸರೂರಿನ ಸೆಟ್ಟಿಗಳು 16ನೇ ಶತಮಾನದಲ್ಲಿ ಅಕ್ಕಿಯ ವ್ಯಾಪಾರದ ವಿಚಾರವಾಗಿ ಪೋರ್ಚುಗೀಸರೊಡನೆ ನೇರವಾಗಿ ವ್ಯವಹರಿಸಿದರು. ಆ ಕೂಟದ ಹೊರಗಿದ್ದು ಬಂದರಿನಲ್ಲಿ ವ್ಯಾಪಾರ ಮಾಡುವುದು ಸುಲಭವಾಗಿರಲಿಕ್ಕಿಲ್ಲ; ಹಾಗಾಗಿ ಚಂದಾ ಕೊಟ್ಟರೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲವೆಂದು ನನ್ನ ಊಹೆ.

ಇಂದು ನಾವು ಕಾಣುವ ಬಗೆಯ ಸಂಘ, ಅಂದರೆ ಬೈಲಾ, ನೋಂದಣಿ, ಅಧ್ಯಕ್ಷ, ಕಾರ್ಯದರ್ಶಿ, ಲೆಕ್ಕಪರಿಶೋಧನೆ ಇವೆಲ್ಲ ಇರುವ ಸಂಘ, 1860ರ ಸಂಘಗಳ ನೋಂದಣಿ ಕಾಯ್ದೆಯ ಕೂಸು. ಕರ್ನಾಟಕದಲ್ಲಿ ಈಗ ನಡೆಯುತ್ತಿರುವುದು ರಾಜ್ಯದ್ದೇ ಆದ 1960ರ ಕಾಯ್ದೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡವು ಸೌತ್ ಕೆನರಾ ಎಂಬ ಹೆಸರಿನಲ್ಲಿ ಮದ್ರಾಸ್ ಪ್ರಾಂತ್ಯದ ತುದಿಯಲ್ಲಿತ್ತು. ರಾಜಧಾನಿ ದೂರ, ಘಟ್ಟದ ದಾರಿ ದುರ್ಗಮ. ಸರ್ಕಾರ ಬಂದು ಮಾಡಿಕೊಡಲಿ ಎಂದು ಕಾಯುವುದಕ್ಕಿಂತ ಕೂಡಿ ಮಾಡಿಕೊಳ್ಳುವುದೇ ಮೇಲೆಂಬ ಬುದ್ಧಿ ಇಲ್ಲಿ ಬೆಳೆಯುವುದಕ್ಕೆ ಅದೂ ಒಂದು ಕಾರಣವಿರಬೇಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ಶಾಶ್ವತ ನಿಧಿಯನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯನ್ನೂ ಕಟ್ಟಿದರು. ಪುತ್ತೂರಿನ ಮೊಳಹಳ್ಳಿ ಶಿವರಾಯರು ಜಿಲ್ಲೆಯ ತುಂಬ ಸಹಕಾರ ಸಂಘಗಳನ್ನು ಹಬ್ಬಿಸಿದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಸಂಸ್ಥೆ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು. ಇವು ಯಾವುವೂ ವೃತ್ತಿ ಸಂಘಗಳಲ್ಲ, ನಿಜ. ಆದರೆ ಸಣ್ಣ ಮೊತ್ತವನ್ನು ತಪ್ಪದೆ ಕೊಡುವುದು, ರಸೀದಿ ಕೇಳಿ ಪಡೆಯುವುದು, ಮಹಾಸಭೆಯಲ್ಲಿ ಲೆಕ್ಕ ಕೇಳುವುದು ಎಂಬ ಮೂರು ಅಭ್ಯಾಸಗಳು ಈ ಜಿಲ್ಲೆಯವರಿಗೆ ಬಂದದ್ದು ಇಲ್ಲಿಂದಲೇ.

1940ರಲ್ಲಿ ಹುಟ್ಟಿದ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಈ ಅಭ್ಯಾಸಗಳ ಮೇಲೆಯೇ ನಿಂತಿತು. ಹೆಂಚು, ಗೋಡಂಬಿ, ಕಾಫಿ, ಮೀನು ವ್ಯಾಪಾರಿಗಳಿಗೆ ರೈಲು, ಬಂದರು, ತೆರಿಗೆ ಇವುಗಳ ಬಗ್ಗೆ ದನಿಯೆತ್ತಲು ಒಂದು ವೇದಿಕೆ ಬೇಕಿತ್ತು. ಆದರೆ ಬಂದರು ಬಂದರೆ ಅದು ಎಲ್ಲರ ಬಂದರು. ಸದಸ್ಯನೆಂಬ ಒಂದೇ ಕಾರಣಕ್ಕೆ ನವಮಂಗಳೂರು ಬಂದರಿನಲ್ಲಿ ಯಾರ ಹಡಗೂ ಮೊದಲು ತುಂಬುವುದಿಲ್ಲ. ಹೀಗಿರುವಾಗ ಇಂಥ ವಾಣಿಜ್ಯ ಮಂಡಳಿಗಳ ಕೈಗೆ ಸಿಕ್ಕಿದ ಪುಟ್ಟ ಆದರೆ ಗಟ್ಟಿಯಾದ ಕೆಲಸವೆಂದರೆ ಸರಕು ಎಲ್ಲಿಯದು ಎಂಬುದನ್ನು ದೃಢೀಕರಿಸುವ ಮೂಲ ಪ್ರಮಾಣಪತ್ರ. ಹೊರದೇಶಕ್ಕೆ ಹೋಗುವ ಗೋಡಂಬಿ ಪೆಟ್ಟಿಗೆಯ ಕಾಗದಪತ್ರಗಳಲ್ಲಿ ಮಂಡಳಿಯ ಮೊಹರು ಬೀಳಬೇಕು. ರಫ್ತುದಾರ ಮಂಡಳಿಯ ಮೆಟ್ಟಿಲು ಹತ್ತಲೇಬೇಕಿತ್ತು. ಈಗ ಆ ಅರ್ಜಿಯೂ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಗೆ ಹೋಗಿರುವುದರಿಂದ ಮೆಟ್ಟಿಲು ಹತ್ತುವ ಪ್ರಸಂಗ ಕಡಿಮೆಯಾಗಿದೆ. ಮೆಟ್ಟಿಲು ಹತ್ತಿದಾಗ ನಡೆಯುತ್ತಿದ್ದ ಹತ್ತು ನಿಮಿಷದ ಮಾತುಕತೆ, ಯಾವ ದೇಶದ ಖರೀದಿದಾರ ಹಣ ತಡಮಾಡುತ್ತಾನೆ ಎಂಬಂಥ ಮಾಹಿತಿ, ಆನ್‌ಲೈನಿಗೆ ಹೋಗಿಲ್ಲ.

ಸ್ವಾತಂತ್ರ್ಯಾನಂತರ ದೊಡ್ಡ ಬದಲಾವಣೆಯೊಂದು ಕಾನೂನಿನ ದಾರಿಯಿಂದ ಬಂತು. 1949ರ ಕಾಯ್ದೆ ಲೆಕ್ಕಪರಿಶೋಧಕರ ಸಂಸ್ಥೆಯನ್ನೂ, 1961ರ ಅಡ್ವೊಕೇಟ್ಸ್ ಕಾಯ್ದೆ ವಕೀಲರ ಪರಿಷತ್ತುಗಳನ್ನೂ ಶಾಸನಬದ್ಧಗೊಳಿಸಿದವು. ವೃತ್ತಿ ನಡೆಸಬೇಕಾದರೆ ಇವುಗಳಲ್ಲಿ ನೋಂದಣಿ ಕಡ್ಡಾಯ. ಹಾಗಾಗಿ ಲಾಭವೇನು ಎಂದು ಕೇಳುವ ಪ್ರಶ್ನೆಯೇ ಇಲ್ಲ. ಪ್ರಶ್ನೆ ಬಂದು ನಿಂತದ್ದು ಅವುಗಳ ಪಕ್ಕದಲ್ಲಿದ್ದ ಐಚ್ಛಿಕ ಸಂಘಗಳ ಮುಂದೆ. ಸನ್ನದು, ಅಂದರೆ ವೃತ್ತಿಯ ಪರವಾನಗಿ, ಕೊಡುವುದು, ಶಿಸ್ತುಕ್ರಮ ಕೈಗೊಳ್ಳುವುದು ಪರಿಷತ್ತಿನ ಪಾಲಾದ ಮೇಲೆ ಮಂಗಳೂರು ಅಥವಾ ಉಡುಪಿಯ ವಕೀಲರ ಸಂಘಕ್ಕೆ ಉಳಿದದ್ದೇನು? ಕುಳಿತುಕೊಳ್ಳಲು ಒಂದು ಕೋಣೆ, ಗ್ರಂಥಾಲಯ, ಮಧ್ಯಾಹ್ನದ ಚಹಾ, ಕಿರಿಯರಿಗೆ ಹಿರಿಯರ ಪರಿಚಯ. ಮೇಲ್ನೋಟಕ್ಕೆ ಇದು ಹಗುರವಾಗಿ ಕಾಣುತ್ತದೆ. ಆದರೆ ಮೊದಲ ತಲೆಮಾರಿನ ವಕೀಲನೊಬ್ಬನಿಗೆ, ಮನೆತನದ ಕಚೇರಿ ಇಲ್ಲದವನಿಗೆ, ಆ ಕೋಣೆಯ ಬೆಂಚೇ ಕಚೇರಿ. ಅವನ ಕಕ್ಷಿದಾರರು ಬಂದು ಕೇಳುವುದೂ ಅಲ್ಲಿಯೇ.

ಇದರ ಜೊತೆಗೆ ಕರ್ನಾಟಕದಲ್ಲಿ 1983ರ ವಕೀಲರ ಕ್ಷೇಮನಿಧಿ ಕಾಯ್ದೆ ಬಂತು. ವಕಾಲತ್ತಿಗೆ ಅಂಟಿಸುವ ಆ ಪುಟ್ಟ ಕ್ಷೇಮನಿಧಿ ಸ್ಟಾಂಪನ್ನು ನೋಡಿದವರೆಷ್ಟೋ ಮಂದಿ, ಅದೇನೆಂದು ಕೇಳಿದವರು ಕಡಿಮೆ. ಒಂದೊಂದು ವಕಾಲತ್ತಿನಿಂದ ಹೀಗೆ ಚೂರುಚೂರಾಗಿ ಕೂಡಿದ ಹಣ ವಕೀಲನೊಬ್ಬ ತೀರಿಕೊಂಡಾಗ ಅವನ ಮನೆಯವರಿಗೆ ಸಲ್ಲುತ್ತದೆ. ಇನ್ನು ಕರಾವಳಿಗೆ ಹೈಕೋರ್ಟ್ ಪೀಠ ಬೇಕೆಂಬ ಇಲ್ಲಿನ ವಕೀಲರ ಬೇಡಿಕೆ ಮೊದಲ ಬಗೆಯದು, ಎಲ್ಲರಿಗೂ ಒದಗುವಂಥದು. ಧಾರವಾಡ, ಕಲಬುರಗಿಗಳಿಗೆ 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಅವು ಕಾಯಂ ಆದವು. ಇಲ್ಲಿಗೂ ಬಂದರೆ ಸಂಘದ ಸದಸ್ಯರಷ್ಟೇ ಅಲ್ಲ, ಮೇಲ್ಮನವಿಗಾಗಿ ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯುವ ಬೈಂದೂರು, ಸುಳ್ಯದ ಕಕ್ಷಿದಾರರಿಗೂ ಅದರ ಫಲ ಸಿಗುತ್ತದೆ.

ವೈದ್ಯರ ಕಥೆ ಇನ್ನೂ ಸ್ವಾರಸ್ಯದ್ದು. ಭಾರತೀಯ ವೈದ್ಯಕೀಯ ಸಂಘ ಹುಟ್ಟಿದ್ದು 1928ರಲ್ಲಿ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಬಹುಕಾಲ ಸಂಘದ ಶಾಖೆಯೆಂದರೆ ತಿಂಗಳಿಗೊಂದು ಉಪನ್ಯಾಸ ಮತ್ತು ಊಟ. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಂಘವೇ ಹೂಡಿದ್ದ ವ್ಯಾಜ್ಯದಲ್ಲಿ, ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪಿತ್ತಿತು. ಸಂಘ ಸೋತಿತು. ವಿಚಿತ್ರವೆಂದರೆ, ಆ ಸೋಲೇ ಸದಸ್ಯತ್ವಕ್ಕೆ ಹೊಸ ಬೆಲೆ ತಂದಿತು. ಗ್ರಾಹಕ ವೇದಿಕೆಯ ನೋಟಿಸು ಕೈಗೆ ಬಂದ ದಿನ ಒಬ್ಬಂಟಿ ವೈದ್ಯನಿಗೆ ಬೇಕಾಗುವುದು ವಕೀಲ, ತಜ್ಞರ ಅಭಿಪ್ರಾಯ, ಪರಿಹಾರದ ಹೊರೆಯನ್ನು ಹಂಚಿಕೊಳ್ಳುವ ನಿಧಿ. ಹಲವು ರಾಜ್ಯ ಶಾಖೆಗಳು ಇದಕ್ಕೆಂದೇ ವೃತ್ತಿರಕ್ಷಣಾ ಯೋಜನೆಗಳನ್ನು ಆರಂಭಿಸಿದವು. 2002ರ ವೃತ್ತಿನೀತಿ ನಿಯಮಗಳು ಐದು ವರ್ಷಕ್ಕೆ 30 ಗಂಟೆಯ ಮುಂದುವರಿದ ಕಲಿಕೆ ಬೇಕೆಂದ ಮೇಲೆ ಅದೇ ತಿಂಗಳ ಉಪನ್ಯಾಸಕ್ಕೂ ತೂಕ ಬಂತು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಊಟಕ್ಕೆ ನೇರ ನಡೆಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ ಎಂಬುದು ಬೇರೆ ಮಾತು.

ಹೀಗೆ ಸದಸ್ಯರು ತಮ್ಮತಮ್ಮೊಳಗೇ ಹಣ ಕೂಡಿಸಿ ತಮ್ಮವರಿಗೇ ಕೊಡುವುದನ್ನು ಮಾರಾಟ ಎನ್ನಬಹುದೆ? ಕೇಳಲು ತರ್ಕಶಾಸ್ತ್ರದ ಪ್ರಶ್ನೆಯಂತಿದ್ದರೂ ಇದು ಸಂಘಗಳ ಜೇಬಿನ ಪ್ರಶ್ನೆ. ತನಗೆ ತಾನೇ ಮಾರಿಕೊಳ್ಳಲಾಗದು ಎಂಬ ಪರಸ್ಪರತೆಯ ತತ್ವವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಕಲ್ಕತ್ತಾ ಕ್ಲಬ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ 2021ರ ಹಣಕಾಸು ಕಾಯ್ದೆ, ಸಂಘ ಮತ್ತು ಸದಸ್ಯ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು ಎಂದು ಜಿಎಸ್‌ಟಿ ಕಾನೂನಿನಲ್ಲಿ ಬರೆದು, ಅದನ್ನು 2017ರ ಜುಲೈ 1ರಿಂದಲೇ ಪೂರ್ವಾನ್ವಯಗೊಳಿಸಿತು. ಕೇರಳದ ವೈದ್ಯರ ಸಂಘ ಇದನ್ನು ಪ್ರಶ್ನಿಸಿತು. 2025ರಲ್ಲಿ ಕೇರಳ ಹೈಕೋರ್ಟ್ ಆ ತಿದ್ದುಪಡಿ ಸಂವಿಧಾನಬಾಹಿರವೆಂದಿತು. ನನ್ನ ಮಟ್ಟಿಗೆ ಈ ವ್ಯಾಜ್ಯದ ಸಾರ ತೆರಿಗೆಯಲ್ಲಿಲ್ಲ. ಸಂಘವೆಂದರೆ ಸದಸ್ಯನಿಗೆ ಏನನ್ನೋ ಮಾರುವ ಅಂಗಡಿಯೋ ಅಥವಾ ಸದಸ್ಯರೇ ಸಂಘವೋ ಎಂಬುದನ್ನು ಅದು ಕೇಳುತ್ತಿದೆ. ಉಡುಪಿಯ ಆ ಯುವಕ ಕೇಳಿದ್ದೂ ಅದನ್ನೇ.

ಸಣ್ಣ ವೃತ್ತಿಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಗಿದೆ. ಜಿಲ್ಲೆಯ ಹೆಸರು ದಕ್ಷಿಣ ಕನ್ನಡವಾಗಿ, 1997ರಲ್ಲಿ ಉಡುಪಿ ಬೇರೆಯಾದ ಮೇಲೂ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಎರಡೂ ಜಿಲ್ಲೆಗಳನ್ನು ಹಳೆಯ ಹೆಸರಿನಡಿಯಲ್ಲೇ ಹಿಡಿದಿಟ್ಟುಕೊಂಡಿದೆ. (ನಕಾಶೆಯಿಂದ ಅಳಿದ ಕೆನರಾ ಈಗ ಬದುಕಿರುವುದು ಬ್ಯಾಂಕಿನ ಮತ್ತು ಸಂಘಗಳ ಬೋರ್ಡುಗಳಲ್ಲಿ.) ರೀಲು ಹೋಗಿ ಡಿಜಿಟಲ್ ಬಂತು, ಡಾರ್ಕ್‌ರೂಮು ಮುಚ್ಚಿತು, ಪಾಸ್‌ಪೋರ್ಟ್ ಫೋಟೋ ಮೊಬೈಲಿನಲ್ಲೇ ಆಯಿತು. ಛಾಯಾಗ್ರಾಹಕರಿಗೆ ಯಾವ ಪರಿಷತ್ತೂ ಇಲ್ಲ, ಸನ್ನದೂ ಇಲ್ಲ; ಕ್ಯಾಮೆರಾ ಕೊಂಡವನೆಲ್ಲ ಮದುವೆಗೆ ಹೋಗಬಹುದು. ಮದುವೆಯ ಹಿಂದಿನ ದಿನ ಒಬ್ಬನಿಗೆ ಜ್ವರ ಬಂದರೆ ಅವನ ಬದಲು ನಿಲ್ಲುವವನೊಬ್ಬ ಬೇಕು, ಅವನು ಮುಂದೆ ಆ ಗಿರಾಕಿಯನ್ನು ಎಳೆದುಕೊಳ್ಳದವನೂ ಆಗಿರಬೇಕು. ಅಂಥವನನ್ನು ಹುಡುಕಿಕೊಡುವ ವ್ಯವಸ್ಥೆ ಸಂಘದ ವಲಯ ಮಟ್ಟದ ಪರಿಚಯವಲ್ಲದೆ ಮತ್ತೊಂದಿಲ್ಲ.

ಉಡುಪಿಯ ಮೀನುಗಾರಿಕಾ ಬಂದರು ಮಲ್ಪೆಯಲ್ಲಿ ಇದೇ ಮಾತು ಜೀವದ ಮಾತಾಗುತ್ತದೆ. 2018ರ ಡಿಸೆಂಬರಿನಲ್ಲಿ 7 ಮೀನುಗಾರರಿದ್ದ ಸುವರ್ಣ ತ್ರಿಭುಜ ದೋಣಿ ಕಣ್ಮರೆಯಾದಾಗ, ಹುಡುಕಾಟ ನಿಲ್ಲದಂತೆ ಸರ್ಕಾರದ ಬೆನ್ನು ಹಿಡಿದದ್ದು ಮೀನುಗಾರರ ಸಂಘ. 2019ರ ಜನವರಿಯಲ್ಲಿ ಸಾವಿರಾರು ಮಂದಿ ಹೆದ್ದಾರಿಗಿಳಿದರು. ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ ನೌಕಾಪಡೆಯ ಕಣ್ಣಿಗೆ ಬಿದ್ದದ್ದು ಮೇ ತಿಂಗಳಲ್ಲಿ. ಆ ದಿನ ಹೆದ್ದಾರಿಯಲ್ಲಿ ನಿಂತವರಲ್ಲಿ ಯಾರ ಚಂದಾ ಬಾಕಿಯಿತ್ತೆಂದು ಯಾರೂ ಕೇಳಿರಲಾರರು.

ಈಗ ವಾಟ್ಸಾಪ್ ಗುಂಪುಗಳಿವೆ. ಹೊಸ ಸುತ್ತೋಲೆ ಕಾರ್ಯದರ್ಶಿಯ ಕೈಸೇರುವ ಮೊದಲೇ ಸದಸ್ಯನ ಮೊಬೈಲಿಗೆ ಬಂದಿರುತ್ತದೆ. ಮಾಹಿತಿ ಕೊಡುವುದೇ ಸಂಘದ ಕೆಲಸವೆಂದು ನಂಬಿದ್ದವರಿಗೆ ಇದು ನಿಜಕ್ಕೂ ಕಷ್ಟಕಾಲ. ಆದರೆ ಗುಂಪಿಗೆ ನಿಧಿಯಿಲ್ಲ, ಲೆಕ್ಕಪರಿಶೋಧನೆಯಿಲ್ಲ, ಕಚೇರಿಗೆ ಮನವಿ ಕೊಡುವಾಗ ಹಾಕಲು ಮೊಹರೂ ಇಲ್ಲ.

ಅಂದಿನ ಸಭೆ ಮುಗಿದು ಊಟದ ಸಾಲು ಕರಗಿದ ಮೇಲೆ ಆ ಯುವಕ ಕೋಶಾಧಿಕಾರಿಯ ಮೇಜಿನ ಬಳಿ ನಿಂತದ್ದನ್ನು ಕಂಡೆ. ಅವರು ಕಾರ್ಬನ್ ಹಾಳೆಯನ್ನು ಸರಿಪಡಿಸಿ, ಸಾವಿರ ರೂಪಾಯಿಯನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು, ರಸೀದಿ ಹರಿಯುವ ಮುನ್ನ ಇನ್ನೊಂದು ಫಾರಂ ಮುಂದಿಟ್ಟರು: ಕ್ಷೇಮನಿಧಿಗೆ ನಾಮಿನಿಯ ಹೆಸರು. ಯುವಕ ಒಂದು ಕ್ಷಣ ತಡೆದು, ಆಧಾರ್‌ನಲ್ಲಿ ತಾಯಿಯ ಹೆಸರು ಹೇಗಿದೆಯೆಂದು ಕೇಳಲು ಮನೆಗೆ ಫೋನು ಹಚ್ಚಿದ.