ರೈಲ್ವೆ ನೌಕರಿಗೆ 371ಜೆ ಅನ್ವಯಿಸುವುದಿಲ್ಲ

ಕಲಬುರಗಿಯಲ್ಲಿ ಸರ್ಕಾರಿ ಸೇವಾ ವಿವಾದಗಳ ವಕಾಲತ್ತು ನಡೆಸುವವರಿಗೆಲ್ಲ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಮೀಸಲಾತಿ ರೈಲ್ವೆಯಂಥ ಕೇಂದ್ರದ ನೌಕರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಚಿರಪರಿಚಿತ. ಕಳೆದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ತೊಗರಿ ಬೆಳೆಗಾರರೊಬ್ಬರು ಮಗನ 371ಜೆ ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. ಜೊತೆಗೆ ರೈಲ್ವೆ ನೇಮಕಾತಿಯ ಅಧಿಸೂಚನೆ. "ಸಂವಿಧಾನದಾಗೇ ಐತಿ ಅಂದ್ಮ್ಯಾಲೆ ರೈಲ್ವೆದವ್ರು ಹ್ಯಾಂಗ ಒಲ್ಲೆ ಅಂತಾರ್ರಿ?" ಎಂದು ಕೇಳಿದರು. ಮಗನನ್ನು ಓದಿಸಲು ಅವರು ಪಟ್ಟ ಪಾಡು ನನಗೆ ಗೊತ್ತು. ಆದರೂ ಇಲ್ಲವೆಂದೇ ಹೇಳಬೇಕಾಯಿತು.

ಸಂವಿಧಾನದಲ್ಲಿ ಇರುವುದು ನಿಜ. ಅಲ್ಲಿ ಏನು ಬರೆದಿದೆ ಎಂಬುದನ್ನು ಯಾರೂ ಓದುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಊರು, ವಾಸಸ್ಥಳ ನೋಡಿ ಭೇದ ಮಾಡುವುದನ್ನು 16ನೇ ವಿಧಿ ನಿಷೇಧಿಸುತ್ತದೆ. ವಾಸಸ್ಥಳದ ಷರತ್ತು ವಿಧಿಸುವ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಕೊಡುತ್ತದೆ. ಬೆಂಗಳೂರಿನ ವಿಧಾನಸಭೆ ಎಷ್ಟೇ ಮನಸ್ಸು ಮಾಡಿದರೂ ನಮ್ಮ ಭಾಗಕ್ಕೆ ಇಂಥ ಮೀಸಲಾತಿಯನ್ನು ತಾನಾಗಿ ಕೊಡುವಂತಿರಲಿಲ್ಲ. ಆದ್ದರಿಂದಲೇ 2012ರ 98ನೇ ತಿದ್ದುಪಡಿ ಬೇಕಾಯಿತು. ಆದರೆ ಆ ತಿದ್ದುಪಡಿಯಿಂದ ಬಂದ 371ಜೆ ವಿಧಿ, ನೌಕರಿಯ ಮಟ್ಟಿಗೆ, ಈ ಪ್ರದೇಶದಲ್ಲಿರುವ ರಾಜ್ಯ ಸರ್ಕಾರದ ಹಾಗೂ ಅದರ ನಿಯಂತ್ರಣದಲ್ಲಿರುವ ಸಂಸ್ಥೆಗಳ ಹುದ್ದೆಗಳ ಬಗ್ಗೆ ಮಾತ್ರ ಮಾತನಾಡುತ್ತದೆ. ಬಾಗಿಲು ತೆರೆದದ್ದು ದೆಹಲಿಯಾದರೂ ತೆರೆದದ್ದು ರಾಜ್ಯದ ಮನೆಯ ಬಾಗಿಲನ್ನು. ರೈಲ್ವೆ ಮತ್ತು ಅಂಚೆ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ, ಅಂದರೆ ಕೇಂದ್ರದ ಅಧಿಕಾರಕ್ಕೆ ಸೇರಿದ ವಿಷಯಗಳ ಪಟ್ಟಿಯಲ್ಲಿವೆ. ಕೇಂದ್ರದ ಸೇವೆಗಳೂ ಅದೇ ಪಟ್ಟಿಯಲ್ಲಿವೆ. ಕಚೇರಿ ಬೀದರಿನಲ್ಲಿದೆಯೋ ಯಾದಗಿರಿಯಲ್ಲಿದೆಯೋ ಎಂಬುದು ಇಲ್ಲಿ ಮುಖ್ಯವಲ್ಲ. ನೇಮಕ ಮಾಡುವವರು ಯಾರು ಎಂಬುದು ಮುಖ್ಯ.

ಶಿಕ್ಷಣ ಸಂಸ್ಥೆಗಳ ಪ್ರವೇಶದ ಲೆಕ್ಕ ಬೇರೆ, ಅದನ್ನು ಇದರೊಂದಿಗೆ ಬೆರೆಸಬಾರದು. ನಿಗಮ, ಮಂಡಳಿಗಳ ವಿಷಯದಲ್ಲಿಯೂ ನಿಯಂತ್ರಣ ಯಾರದು ಎಂಬುದನ್ನು ದಾಖಲೆ ನೋಡದೆ ಹೇಳಲಾಗದು.

ನನ್ನನ್ನು ಹೆಚ್ಚು ಕಾಡುವುದು ಈ ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ. ಕೇಂದ್ರದ ಹುದ್ದೆಗಾಗಿ ಮಂತ್ರಿಗಳಿಗೆ, ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುತ್ತ ಅಲೆಯುವ ಹುಡುಗರು, ತಮಗೆ ನಿಜವಾಗಿ ಹಕ್ಕಿರುವ ರಾಜ್ಯದ ಆಯ್ಕೆಪಟ್ಟಿಯಲ್ಲಿ ಅನ್ಯಾಯವಾದಾಗ ಸುಮ್ಮನಿರುತ್ತಾರೆ. ಅಂಥ ತಕರಾರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠ ಕಲಬುರಗಿಯಲ್ಲೇ ಇದೆ. ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಡವಾದರೆ ವಿಳಂಬ ಮನ್ನಿಸುವಂತೆ ಬೇಡಿಕೊಳ್ಳಬಹುದು, ಆದರೆ ಮನವಿ ಕೊಡುತ್ತಲೇ ಇದ್ದೆ ಎಂಬ ಕಾರಣವನ್ನು ನ್ಯಾಯಮಂಡಳಿ ಒಪ್ಪೀತೆಂದು ಯಾವ ವಕೀಲನೂ ಭರವಸೆ ಕೊಡಲಾರ.